ಚೂರುಗಳನ್ನು ಹಿಡಿದ ಸ್ಪಂಜು

ಸಂಶೋಧನಾ ಕೇಂದ್ರದ ವಸತಿಗೃಹ
ಮಾರ್ಚ್ ೧೪, ಸಂಜೆ

ಪ್ರೀತಿಯ ಅಪ್ಪನಿಗೆ,

ನಿಮ್ಮ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀರೋ, ಇಲ್ಲ ಅತ್ತಿಗೆಗೆ ನಾಳೆ ನಾಳೆ ಎನ್ನುತ್ತಿದ್ದೀರೋ? ನೀವು ಅಕ್ಕಪಕ್ಕದ ಮನೆಯವರನ್ನೆಲ್ಲ ಬಾಲ್ಕನಿಯಲ್ಲಿ ಕೂರಿಸಿ, ಬಾಯಿ ತೆರೆಸಿ, ಪುಕ್ಕಟೆ ಹಲ್ಲು ನೋಡುತ್ತೀರೆಂದು ಅತ್ತಿಗೆಯೇ ಹೇಳಿದರು. ಕ್ಲಿನಿಕ್ ಮುಚ್ಚಿದರೂ ಡಾಕ್ಟರ ಕೈ ಸುಮ್ಮನಿರುವುದಿಲ್ಲ, ಇರಲಿ. ಬಿಪಿ ಮಾತ್ರೆ ಮಾತ್ರ ಮರೆಯಬೇಡಿ.

ಇಲ್ಲಿಯ ಸುದ್ದಿ ಹೀಗಿದೆ. ಹೋದ ವರ್ಷದ ಚಂಡಮಾರುತಕ್ಕೆ ನಮ್ಮ ಹವಳದ ದಿಬ್ಬದ ಹೊರ ಅಂಚು ಮುರಿದು ಚೂರುಚೂರಾದದ್ದು ನಿಮಗೆ ಗೊತ್ತು. ಆಮೇಲೆ ಆ ಚೂರುಗಳ ಮೇಲೆ ಸ್ಪಂಜುಗಳು, ಅಂದರೆ ಕಲ್ಲಿಗೆ ಅಂಟಿ ಬೆಳೆಯುವ ಮೆತ್ತನೆಯ ಕಡಲಜೀವಿಗಳು, ಹಬ್ಬತೊಡಗಿದವು. ನಮ್ಮ ಮುಖ್ಯಸ್ಥರಿಗೆ ಸ್ಪಂಜು ಎಂದರೆ ಆಗದು. ಅವರ ದನಿ ಕೇಳಿ ನಾವೆಲ್ಲ ಗುಡುಗಪ್ಪ ಎನ್ನುತ್ತೇವೆ, ಎದುರಿಗಲ್ಲ. ಅವರ ಸಿಟ್ಟಿಗೆ ಕಾರಣವೂ ಇದೆ. ಕೆಲವು ಬಗೆಯ ಸ್ಪಂಜು ಹವಳವನ್ನು ಕೊರೆದು ಒಳಗೇ ಮನೆ ಮಾಡುತ್ತದೆ, ಹವಳ ಹುಳುಕು ಹಲ್ಲಿನ ಹಾಗೆ ಟೊಳ್ಳಾಗುತ್ತದೆ. ಆದ್ದರಿಂದ ಎಲ್ಲವನ್ನೂ ಕೆರೆದು ತೆಗೆಸಬೇಕು ಎಂದರು. ಇದು ಕೊರೆಯುವ ಬಗೆಯಲ್ಲ, ಸುತ್ತಿ ಹಿಡಿದುಕೊಳ್ಳುವ ಬಗೆ, ಬಿಟ್ಟು ನೋಡೋಣ ಎಂದು ನಾನು. ಅವರು ಏರಿಗೆ ಎಳೆದರೆ ನಾನು ನೀರಿಗೆ ಎಳೆಯುತ್ತಿದ್ದೆ. ಗಾದೆಯಲ್ಲಿ ನೀರಿಗೆ ಎಳೆದದ್ದು ಯಾರೆಂದು ನೀವು ನೆನಪಿಸಬೇಕಿಲ್ಲ. ಕೊನೆಗೆ ಅರ್ಧ ಜಾಗ ಕೆರೆಸಿದರು, ಅರ್ಧ ನನಗೆ ಬಿಟ್ಟರು.

ಕೆರೆಸಿದ ಕಡೆ ಚೂರುಗಳು ಅಲೆ ಬಂದಾಗಲೆಲ್ಲ ಉರುಳಿ, ಅವುಗಳ ಮೇಲೆ ನೆಲೆಯೂರಿದ ಎಳೆಯ ಹವಳ ಅರೆದುಹೋಯಿತು. ಬಿಟ್ಟ ಕಡೆ ಸ್ಪಂಜು ಸಂದುಸಂದಿಗೂ ಹೊಕ್ಕು ಗಾರೆಯಂತೆ ಕಚ್ಚಿ ಹಿಡಿಯಿತು. ಈಗ ಅಲ್ಲಿ ಉಗುರಗಲದ ಹೊಸ ಹವಳಗಳು ಕೂತಿವೆ. ಫೋಟೋ ತೋರಿಸಿದರೆ ಗುಡುಗಪ್ಪ ಮೂಗು ಮುರಿದರು. ಕಣ್ಣಾರೆ ನೋಡದೆ ನಂಬುವುದಿಲ್ಲವೆಂದು ತಾವೇ ಹೊರಟರು. ಮೇಜು ಬಿಟ್ಟು ನೀರಿಗಿಳಿದು ಅವರಿಗೆ ವರ್ಷಗಳೇ ಆಗಿದ್ದವು. ನಾನು ಅಂದು ಬೆಳಿಗ್ಗೆಯಿಂದ ಎರಡು ಸಲ ಮುಳುಗಿ ಬಂದಿದ್ದೆ, ನಾಳೆ ಹೋಗೋಣ ಎಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ನಾಳೆಗೆ ಅವರ ಮನಸ್ಸು ತಿರುಗೀತು ಎಂದು ನಾನೂ ಹೊರಟೆ.

ಕೆಳಗೆ ಎಲ್ಲ ಸರಿಯಿತ್ತು. ಅವರು ಚೂರುಗಳನ್ನು ಕೈಯಿಂದ ಅಲುಗಿಸಿ ನೋಡಿದರು, ಎಳೆಯ ಹವಳದ ಮುಂದೆ ಬಹಳ ಹೊತ್ತು ತೇಲುತ್ತ ನಿಂತರು. ಹೊರಡುವಾಗ ಅವರ ಮುಖವಾಡದೊಳಗೆ ನೀರು ನುಗ್ಗಿತು. ಗಾಬರಿಬಿದ್ದು, ಬಾಯಿಯಲ್ಲಿದ್ದ ಗಾಳಿಯ ಕೊಳವೆಯನ್ನೇ ಕಿತ್ತೆಸೆದು ಮೇಲಕ್ಕೆ ನುಗ್ಗಿದರು. ಆಳದಿಂದ ಹಾಗೆ ಏರಬಾರದು ಅಪ್ಪ. ಸೋಡಾ ಬಾಟಲಿ ತೆರೆದ ಹಾಗೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ನಾನು ಅವರ ಬೆಲ್ಟು ಹಿಡಿದೆ, ನನ್ನ ಹತ್ತಿರವಿದ್ದ ಇನ್ನೊಂದು ಕೊಳವೆಯನ್ನು ಅವರ ಬಾಯಿಗೆ ತುರುಕಿದೆ. ಇಬ್ಬರೂ ಸ್ವಲ್ಪ ನಿಧಾನವಾದೆವು, ಸಾಕಷ್ಟಲ್ಲ. ಅವರದು ಅಂದಿನ ಮೊದಲ ಮುಳುಗು, ಏನೂ ಆಗಲಿಲ್ಲ. ನನ್ನದು ಮೂರನೆಯದು, ಮುಳುಗಿದಷ್ಟೂ ರಕ್ತದಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ನಾನು ದೋಣಿ ಹತ್ತಿದ ಮೇಲೆ ನೋಡಿದರೆ ಎಡಗಾಲು ನನ್ನದಲ್ಲ ಎನ್ನಿಸಿತು. ಆಸ್ಪತ್ರೆಯಲ್ಲಿ ಒತ್ತಡದ ಕೋಣೆಯೆಂದು ದೊಡ್ಡ ಕಬ್ಬಿಣದ ಪೀಪಾಯಿಯಂಥದ್ದು ಇದೆ. ಗುಳ್ಳೆ ಕರಗಲೆಂದು ಅದರಲ್ಲಿ ಮಲಗಿಸಿದರು. ಈಗ ನಡೆಯುತ್ತೇನೆ, ಸ್ವಲ್ಪ ಕುಂಟು.

ಗುಡುಗಪ್ಪ ದಿನಾ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದರು, ಕಿತ್ತಳೆ ಸುಲಿದು ನನಗೆ ಕೊಡಲು ಮರೆತು ತಾವೇ ತಿನ್ನುತ್ತಿದ್ದರು. ಒಂದು ದಿನ, "ನಿನ್ನ ಕಡೇದೇ ನಿಂತಿದೆ ಕಣಮ್ಮ. ಇನ್ನು ಯಾರೂ ಅದನ್ನ ಕೆರೆಯೋ ಹಾಗಿಲ್ಲ ಅಂತ ಆರ್ಡರ್ ಹಾಕಿದೀನಿ," ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಕೇಂದ್ರದಲ್ಲಿ ಯಾರೂ ಕೇಳಿಲ್ಲ. ನನಗೆ ಸಂತೋಷವಾಯಿತು, ನಿಜವಾಗಿಯೂ ಆಯಿತು.

ಅಣ್ಣ ಅತ್ತಿಗೆಯರನ್ನು ಕೇಳಿದೆನೆಂದು ಹೇಳಿ. ಮಕ್ಕಳಿಗೆ ಒಂದೊಂದು ಮುತ್ತು. ನಿಮಗೆ ಇಲ್ಲಿಂದಲೇ ಬಾಗಿ ನಮಸ್ಕಾರ.

ನಿಮ್ಮ ಚಿಕ್ಕವಳು

ಲಕೋಟೆ ಅಂಟಿಸುವ ಮೊದಲು ಇದೊಂದು: ಇನ್ನು ಆಳಕ್ಕೆ ಇಳಿಯಬಾರದು ಎಂದಿದ್ದಾರೆ ಡಾಕ್ಟರು. ಕೆಲವು ತಿಂಗಳಲ್ಲ, ಇನ್ನೆಂದಿಗೂ. ಬೆನ್ನುಹುರಿಗೆ ಪೆಟ್ಟಾಗಿದೆಯಂತೆ, ಇನ್ನೊಮ್ಮೆ ಹೀಗಾದರೆ ಕಾಲು ಹೋಗುತ್ತದಂತೆ. ಕೆಲಸ ಹೋಗುವುದಿಲ್ಲ, ಬೇರೆಯವರು ತಂದದ್ದನ್ನು ಕೂತು ನೋಡಬೇಕು. ನಿನ್ನೆ ದೋಣಿ ಹೊರಟಾಗ ದಡದಲ್ಲಿದ್ದೆ. ದೋಣಿಯಲ್ಲಿದ್ದವರು ಕೈಬೀಸಿದರು, ನಾನೂ ಬೀಸಿದೆ. ದೋಣಿ ಮರೆಯಾದ ಮೇಲೆ ಎತ್ತ ಹೋಗಬೇಕೆಂದೇ ತಿಳಿಯಲಿಲ್ಲ. ಅಪ್ಪ, ನೀವು ಬನ್ನಿ. ಅಣ್ಣ ಬೇಡ, ನೀವೊಬ್ಬರೇ. ಎಷ್ಟು ದಿನಕ್ಕೆ ಎಂದು ಮಾತ್ರ ಕೇಳಬೇಡಿ.