ನಿನ್ನ ಗಂಟು ನೋಡಬೇಕಾಗಿದ್ದವನು

ಲೇ ಕಡ್ಡಿ,

ಇದನ್ನ ನಿನಗೆ ಕಳಿಸಲ್ಲ, ಕಳಿಸೋಕೆ ನನಗೆ ಮುಖ ಇಲ್ಲ. ಇವತ್ತು ಗೋಡೆ ಹತ್ತೋದು ಕಲಿಯೋಕೆ ಆರು ಜನ ಹೊಸಬರು ಬಂದಿದ್ರು. ಕೋಚ್ ನನ್ನನ್ನ ಮುಂದೆ ನಿಲ್ಲಿಸ್ಕೊಂಡು, ನನ್ನ ಸೊಂಟದ ಪಟ್ಟಿಗೆ ಹಗ್ಗ ಕಟ್ಟಿ ತೋರಿಸಿದ್ರು. ಮೊದಲು ಎಂಟರ ಆಕಾರದ ಗಂಟು, ಆಮೇಲೆ ತುದೀನ ಪಟ್ಟಿಯೊಳಗೆ ತೂರಿಸಿ, ಅದೇ ದಾರೀಲಿ ಗಂಟಿನೊಳಗೆ ವಾಪಸ್ ತರಬೇಕು. ಕೆಳಗೆ ಹಗ್ಗ ಹಿಡಿಯೋನು ಅದನ್ನ ಮುಟ್ಟಿ, ಎಳೆದು ನೋಡಬೇಕು.

"ಹೋದ ವರ್ಷ ಒಬ್ಬ ಹರಟೆ ಹೊಡೀತಾ ಅರ್ಧ ಗಂಟಲ್ಲೇ ಹತ್ತಿದ. ಮೇಲಿಂದ ಬಿದ್ದು ಕಾಲು ಮುರ್ಕೊಂಡ" ಅಂದ್ರು.

ಒಬ್ಬಳು ಹುಡುಗಿ ಕೇಳಿದ್ಲು, "ಕೆಳಗಿದ್ದವರು ನೋಡ್ಲಿಲ್ವಾ ಸರ್?"

"ಹಗ್ಗ ಹಿಡಿದಿದ್ದವನು ಇವನೇ, ಕೇಳಮ್ಮ."

"ನೋಡಿದ್ದೆ, ಸರಿಯಾಗೇ ಇತ್ತು. ಆಮೇಲೆ ಅವನೇ ಬಿಚ್ಚಿ ಕಟ್ಕೊಂಡ" ಅಂದೆ.

"ಬಿಚ್ಚಿದ್ದು ನಿಮಗೆ ಕಾಣ್ಲಿಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಥೂ.

ಅವತ್ತು ನೀನು "ಗಂಟು ನೋಡಿದ್ಯೇನೋ?" ಅಂದಾಗ ನಾನು ಫೋನಿಂದ ತಲೇನೇ ಎತ್ತಲಿಲ್ಲ. "ಹೂಂ, ಹತ್ತೋ ಮಾರಾಯ" ಅಂದೆ. ನಾನು ನೋಡಿರ್ಲಿಲ್ಲ ಅಂತ ನಿನಗೂ ಗೊತ್ತಿತ್ತು. ಆದ್ರೂ ಆಸ್ಪತ್ರೇಲಿ ಕೋಚ್ ಕೇಳಿದಾಗ, ಪಕ್ಕದಲ್ಲೇ ನಿಂತಿದ್ದ ನನ್ನ ಮುಖ ನೋಡ್ಕೊಂಡು "ತಪ್ಪು ನಂದೇ ಸರ್" ಅಂದೆಯಲ್ಲ, ಯಾಕೋ? ಹಾಗನ್ನು ಅಂತ ನಿನಗೆ ಯಾವನು ಹೇಳಿದ್ದ? ಎಲ್ಲರ ಮುಂದೆ ನನ್ನ ಜನ್ಮ ಜಾಲಾಡಬೇಕಿತ್ತು ನೀನು. ಬೈದಿದ್ರೆ, ಒಂದು ಸಲನಾದ್ರೂ ನಿಮ್ಮನೆಗೆ ಬಂದು ನಿನ್ನ ಎದುರಿಗೆ ಕೂತ್ಕೋತಿದ್ದೆ.