ಹೊಸ ಟಯರಿನ ಗುಂಯ್ ಸದ್ದು

ನನ್ನ ಎಡಗಡೆ ಸೀಟಿನ ಗೆಳತಿ ಫಿಲ್ಲು,

ಕಳೆದ ಮಳೆಗಾಲದಲ್ಲಿ ನಿನ್ನನ್ನು ಮಣ್ಣು ಮಾಡಿ ಬಂದ ದಿನ ಕಾರನ್ನು ಶೆಡ್ಡಿನಲ್ಲಿಟ್ಟು ಬೀಗ ಹಾಕಿದೆ. ಅಳಲಿಲ್ಲ. ನಾನು ಅಳುವ ಹೆಂಗಸಲ್ಲ ಎಂದು ನಿನಗೆ ಗೊತ್ತು. ಆದರೆ ಶನಿವಾರ ಬೆಳಿಗ್ಗೆ ಬಂದರಿಗೆ ಮೀನಿಗೆ ಹೋಗುವುದು ನಿಂತುಹೋಯಿತು. ಒಬ್ಬಳೇ ಹೋಗಿ ಬೂತಾಯಿ ತಂದು ಯಾರ ಜೊತೆ ಪಾಲು ಮಾಡುವುದು? ಯಾರ ಜೊತೆ ಪಾಲಿಗೆ ಜಗಳ ಮಾಡುವುದು?

ಬೇಸಗೆಯಲ್ಲಿ ಒಂದು ದಿನ ಶೆಡ್ಡಿನ ಬಾಗಿಲು ತೆರೆದವನು ದಿನೇಶ. ನೀನು ಎತ್ತಿ ಆಡಿಸಿದ ನನ್ನ ಮಗನೇ, ಈಗ ನನಗೆ ಬುದ್ಧಿ ಹೇಳುತ್ತಾನೆ. "ಅಮ್ಮ, ನಿಂತು ನಿಂತು ಟಯರ್ ನಾಲ್ಕೂ ಚಪ್ಪಟೆ ಆಗಿದೆ. ಬದಿಯಲ್ಲೆಲ್ಲ ಬಿರುಕು. ಮಾರಿಬಿಡುವ, ಒಬ್ಬರು ಕೇಳ್ತಾ ಇದ್ದಾರೆ" ಎಂದ.

"ಟಯರ್ ಹೋದ್ರೆ ಟಯರ್ ಹಾಕಿಸುವುದು. ನನ್ನ ಮಂಡಿ ಹೋದಾಗ ನನ್ನನ್ನು ಮಾರಿದ್ಯಾ?" ಎಂದೆ. ಸೊಸೆ ವೀಣಾ ಒಳಗೆ ನಗುವುದು ಕೇಳಿಸಿತು. ಮರುದಿನವೇ ಆ ಹುಡುಗಿ ಕಾರನ್ನು ಒಳಗೂ ಹೊರಗೂ ತಿಕ್ಕಿ ತೊಳೆದು, ಡಿಕ್ಕಿಯನ್ನೂ ಖಾಲಿ ಮಾಡಿ ನಿಲ್ಲಿಸಿದಳು. ಈ ವಿಷಯ ನೆನಪಿಟ್ಟುಕೋ, ಆಮೇಲೆ ಬರುತ್ತದೆ.

ಅಂಜಲ್ ಮೀನು ತಾಜಾವೋ ಹಳತೋ ಎಂದು ಕಿವಿರು ಎತ್ತಿ ನೋಡದೆ ಚೀಲಕ್ಕೆ ಹಾಕಬೇಡ ಎಂದು ನೀನು ಕೈ ಹಿಡಿದು ಕಲಿಸಿದ್ದು ನಂತೂರಿನ ಹತ್ತಿರದ ಟಯರ್ ಅಂಗಡಿಯಲ್ಲಿ ಉಪಯೋಗಕ್ಕೆ ಬಂತು. ಅಂಗಡಿಯವ ಮಿರಮಿರ ಮಿಂಚುವ ಟಯರ್ ಉರುಳಿಸಿಕೊಂಡು ಬಂದ. "ಆಲ್ ಸೀಸನ್ ಅಮ್ಮ. ಬಿಸಿಲು, ಮಳೆ, ಚಳಿ ಎಲ್ಲದಕ್ಕೂ ಆಗ್ತದೆ."

"ಚಳಿ ಎಲ್ಲಿ ಉಂಟು ಮಾರಾಯ ಇಲ್ಲಿ? ನಮಗೆ ಇರುವುದು ಮಳೆ, ಅದಿಲ್ಲದಿದ್ರೆ ಬೆವರು. ನೀರು ನಿಂತ ರಸ್ತೆಯಲ್ಲಿ ಜಾರದ್ದು ಯಾವುದು, ಅದನ್ನು ತೋರಿಸು."

ಅವನು ಎರಡು ಜಾತಿ ತೋರಿಸಿದ. ಒಂದರ ಗೆರೆಗಳು ಸಣ್ಣ, ಓಡುವಾಗ ಸದ್ದು ಕಡಿಮೆಯಂತೆ. ಇನ್ನೊಂದರ ಗೆರೆಗಳು ಅಗಲ, ಆಳ. ನೀರನ್ನು ಬದಿಗೆ ಚೆಲ್ಲುತ್ತದೆ, ಸ್ವಲ್ಪ ಸದ್ದು ಇದ್ದೀತು ಎಂದ. ಆಷಾಢದಲ್ಲಿ ನಮ್ಮ ರಸ್ತೆಗಳು ಹೊಳೆಯಾಗುವುದನ್ನು ನೆನೆದು ಅಗಲ ಗೆರೆಯದ್ದನ್ನೇ ಆರಿಸಿದೆ. "ಇದು ಯಾವಾಗಿನದ್ದು?" ಎಂದು ಕೇಳಿದೆ. ಫಿಲ್ಲು, ಟಯರಿಗೂ ಕಿವಿರು ಉಂಟು! ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲಿನೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಕನ್ನಡಕ ಹಾಕಿ ಒಂದೊಂದನ್ನೂ ತಿರುಗಿಸಿ ಓದಿದೆ. ಒಂದು ಮಾತ್ರ ಉಳಿದವಕ್ಕಿಂತ ತುಂಬಾ ಹಿಂದಿನದು.

"ಇದು ಐಸಿನದ್ದು. ಬೇರೆ ತನ್ನಿ."

"ಅಮ್ಮ, ನೀವು ಟಯರಿಗೆ ಬಂದದ್ದಾ, ಮೀನಿಗೆ ಬಂದದ್ದಾ?" ಎಂದು ಅವನು ನಕ್ಕ. ನಾನು ನಗಲಿಲ್ಲ. ಬೇರೆ ತಂದ ಮೇಲೆ ನಕ್ಕೆ.

ನೀನಿದ್ದಿದ್ದರೆ, ಹೊಸ ಟಯರಿನಲ್ಲಿ ಕಾಂಕ್ರೀಟ್ ರಸ್ತೆಗೆ ಏರಿದ ಕೂಡಲೇ, "ಎಂತ ಮಾರಾಯ್ತಿ ಇದು, ಕಾರಿನೊಳಗೆ ದುಂಬಿ ಹೊಕ್ಕಿದೆಯಾ?" ಎನ್ನುತ್ತಿದ್ದೆ. ಸ್ವಲ್ಪ ವೇಗ ಹೆಚ್ಚಿಸಿದರೆ ಸಾಕು, ಗುಂಯ್ ಎನ್ನುವ ಸದ್ದು. ಇನ್ನೂ ಹೆಚ್ಚಿಸಿದರೆ ಸದ್ದೂ ಏರುತ್ತದೆ. ನಾನು ಹೆಮ್ಮೆಯಿಂದ ಆರಿಸಿ ತಂದ ಟಯರು! ದಿನೇಶ ಪಕ್ಕದಲ್ಲಿ ಕೂತು ಒಂದು ಸುತ್ತು ಬಂದವನೇ ತೀರ್ಪು ಕೊಟ್ಟ. "ಟಯರ್ ಅಲ್ಲದಿದ್ರೆ ವೀಲ್ ಬೇರಿಂಗ್. ಒಂದೊಂದೇ ಹೋಗ್ಲಿಕ್ಕೆ ಶುರುವಾಯ್ತು. ಆದಿತ್ಯವಾರ ಕಾರು ಕೇಳಿದ ಜನ ಬರ್ತಾರೆ, ಕೊಟ್ಟುಬಿಡುವ. ನೀವು ಎಲ್ಲಿಗೆ ಬೇಕಾದ್ರೂ ರಿಕ್ಷಾದಲ್ಲಿ ಹೋಗಬಹುದಲ್ಲ?"

ರಿಕ್ಷಾ! ಮನೆಯಿಂದ ಹೊರಗೆ ಹೋಗಲು ನಾನು ಯಾರನ್ನಾದರೂ ಕಾಯುವುದೇ? ಈ ವಯಸ್ಸಿನಲ್ಲಿ ಸ್ಟಿಯರಿಂಗ್ ಒಮ್ಮೆ ಕೈಬಿಟ್ಟರೆ ಮತ್ತೆ... ಆದಿತ್ಯವಾರದೊಳಗೆ ಆ ಸದ್ದನ್ನು ಹಿಡಿಯಲೇಬೇಕಿತ್ತು.

ಕುವೈತಿನ ಆಸ್ಪತ್ರೆಯ ಕಥೆಗಳನ್ನು ಹೇಳುವಾಗಲೆಲ್ಲ ನೀನು, ಒಳ್ಳೆಯ ನರ್ಸು ಮೊದಲು ಮಾತ್ರೆ ಕೊಡುವುದಿಲ್ಲ, ನೋವು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಕೇಳುತ್ತಾಳೆ ಎನ್ನುತ್ತಿದ್ದೆ. ನಾನೂ ಕಾರನ್ನು ಕೇಳಿದೆ. ಖಾಲಿ ಮೈದಾನದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದೆ. ಬೇರಿಂಗ್ ಹೋಗಿದ್ದರೆ ಭಾರ ಒಂದು ಬದಿಗೆ ಬಿದ್ದಾಗ ಸದ್ದು ಬದಲಾಗಬೇಕು ಎಂದು ಟಯರಿನವ ಹೇಳಿದ್ದ. ಬದಲಾಗಲಿಲ್ಲ. ಹೆದ್ದಾರಿಯ ಡಾಮರಿನ ಮೇಲೆ ಓಡಿಸಿದೆ. ಸದ್ದು ಇಳಿಯಿತು! ಮತ್ತೆ ಕಾಂಕ್ರೀಟಿಗೆ ಬಂದರೆ ಗುಂಯ್. ಅಂದರೆ ಸದ್ದು ರಸ್ತೆಗೂ ಟಯರಿಗೂ ನಡುವಿನದ್ದು, ಬೇರಿಂಗಿನದ್ದಲ್ಲ. ಆದರೆ ಇಷ್ಟು ಜೋರು ಯಾಕೆ? ಎಲ್ಲಿಂದ ಒಳಗೆ ಬರುತ್ತದೆ? ಓಡಿಸುತ್ತಾ ಮುಂದೆ ಕೂತವಳಿಗೆ ಅದು ತಿಳಿಯುವುದು ಹೇಗೆ?

ಲೈಸೆನ್ಸ್ ಇದ್ದೂ ಸ್ಟಿಯರಿಂಗ್ ಮುಟ್ಟದ ನಿನ್ನ ಮಗಳಿಗೆ ನೀನು ಎಷ್ಟು ಬೈದಿದ್ದೆ, ನೆನಪುಂಟಾ? ನೇರವಾಗಿ ನಿಮ್ಮ ಮನೆಗೆ ಹೋಗಿ ಲವೀನಾಳ ಕೈಗೆ ಕೀ ಕೊಟ್ಟೆ. "ನೀನು ಓಡಿಸು. ನಾನು ಹಿಂದೆ ಕೂತು ಸದ್ದು ಕೇಳಬೇಕು."

"ಆಂಟಿ, ನನಗೆ ಹೆದರಿಕೆ ಆಗ್ತದೆ!"

"ಹೆದರುವುದು ಆಮೇಲೆ. ಈಗ ಗೇರ್ ಹಾಕು."

ಎರಡು ಸಲ ಎಂಜಿನ್ ಬಂದ್ ಬಿತ್ತು. ಹಿಂದಿನ ಬಸ್ಸಿನವ ಹಾರ್ನ್ ಹೊಡೆದದ್ದಕ್ಕೆ ನಾನು ಕಿಟಕಿಯಿಂದ ಅವನತ್ತ ಒಮ್ಮೆ ನೋಡಿದೆ, ಸುಮ್ಮನಾದ. ಕಾರು ಓಡತೊಡಗಿತು. ನಾನು ಹಿಂದಿನ ಸೀಟಿಗೆ ಕಿವಿ ಒತ್ತಿದೆ. ಸದ್ದು ಬರುತ್ತಿದ್ದದ್ದು ಡಿಕ್ಕಿಯಿಂದ! ಬದಿಗೆ ನಿಲ್ಲಿಸಿ ತೆರೆದರೆ ಬರೀ ತಗಡು, ಒಂದು ಸ್ಟೆಪ್ನಿ. ಖಾಲಿ ಡಬ್ಬದ ಹಾಗೆ ಇತ್ತು. ಲವೀನಾ ಬಗ್ಗಿ ನೋಡಿ, "ಮಮ್ಮಿಯ ಗೋಣಿ ಎಲ್ಲಿ ಆಂಟಿ?" ಎಂದಳು.

ಮೀನಿನ ನೀರು ತಗಡಿಗೆ ತಾಗಬಾರದು ಎಂದು ನೀನು ಹಾಸಿದ ಗೋಣಿಗಳು ಫಿಲ್ಲು, ಒಂದರ ಮೇಲೊಂದು, ಮೇಲಿನಿಂದ ಆಸ್ಪತ್ರೆಯ ದಪ್ಪ ರಬ್ಬರ್ ಶೀಟು! ಅಷ್ಟು ವರ್ಷ ರಸ್ತೆಯ ಸದ್ದನ್ನೂ ಅವೇ ನುಂಗುತ್ತಿದ್ದವು. ವೀಣಾಳನ್ನು ಕೇಳಿದೆ. "ಬಿಸಾಡಿದೆ ಅತ್ತೆ. ನಾಯಿ ಕೂಡ ಹತ್ತಿರ ಬರ್ತಿರಲಿಲ್ಲ, ಅಷ್ಟು ವಾಸನೆ!" ಬೈಯಲು ಬಾಯಿ ತೆರೆದವಳು, ನಗು ಬಂದು ಅಲ್ಲೇ ಕೂತುಬಿಟ್ಟೆ. ನೀನು ಕಾರಿನಲ್ಲಿ ವಾಸನೆಯೇ ಇಲ್ಲ ಎಂದು ಆಣೆ ಹಾಕುತ್ತಿದ್ದೆಯಲ್ಲ...

ಶನಿವಾರ ನಾನು, ಲವೀನಾ, ವೀಣಾ ಬಂದರಿನ ಗೋದಾಮಿನಿಂದ ಗೋಣಿ ತಂದು ನಿನ್ನ ಕ್ರಮದಲ್ಲೇ ಹಾಸಿದೆವು. ಮೆಣಸಿನ ಗೋಣಿ, ಮನೆಗೆ ಮುಟ್ಟುವ ತನಕ ಮೂವರೂ ಸೀನಿದೆವು. ಮೇಲೆ ಹಾಸಲು ರಬ್ಬರ್ ಶೀಟನ್ನು ವೀಣಾಳೇ ಆರಿಸಿ ಕೊಂಡಳು. ಆದಿತ್ಯವಾರ ದಿನೇಶನನ್ನು ಹಿಂದೆ ಕೂರಿಸಿ ಅದೇ ಕಾಂಕ್ರೀಟಿನ ಮೇಲೆ ಓಡಿಸಿದೆ. ಅಗಲ ಗೆರೆಯ ಟಯರಿಗೆ ಸಹಜವಾದ ಸಣ್ಣ ಗುನುಗು ಮಾತ್ರ ಇತ್ತು. ಅವನು ಬಹಳ ಹೊತ್ತು ಕಿವಿಗೊಟ್ಟ. ಆಮೇಲೆ ಫೋನ್ ತೆಗೆದು, "ಬರುವುದು ಬೇಡ. ಅಮ್ಮ ಕೊಡುವುದಿಲ್ಲ ಅಂತೆ" ಎಂದ. ಒಂದು ಸೀನು ಸೀನಿದ ನಂತರ, "ಗೋಣಿ ಬದಲಿಸಿ ಅಮ್ಮ" ಎಂದು ಬೇಡಿಕೊಂಡ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಶನಿವಾರ ಬಂದರಿಗೆ ಓಡಿಸುವುದು ಲವೀನಾ. ಹೋಗುವಾಗ ಅವಳು, ಬರುವಾಗ ನಾನು, ಹಾಗೆಂದು ಒಪ್ಪಂದ. ಮೊದಲ ದಿನ ನಾನು ನಿನ್ನ ಸೀಟಿನಲ್ಲಿ ಕೂತೆ. ಕಾಲಡಿಯ ಮ್ಯಾಟಿನಲ್ಲಿ ಬಲಗಾಲಿನ ಕಡೆ ಒಂದು ಸವೆದ ಗುಳಿ. ನಾನು ಓಡಿಸುವಾಗಲೆಲ್ಲ ಅಲ್ಲಿ ಇಲ್ಲದ ಬ್ರೇಕನ್ನು ನೀನು ಒತ್ತಿ ಒತ್ತಿ ಮಾಡಿದ್ದು! ನನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ಲವಾ ನಿನಗೆ? ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ನಂತೂರಿನಲ್ಲಿ ಒಂದು ಲಾರಿ ಅಡ್ಡ ಬಂತು. ನನ್ನ ಕಾಲು ತಾನಾಗಿ ಹೋಗಿ ಆ ಗುಳಿಯಲ್ಲೇ ಕೂತಿತು. ಸರಿಯಾಗಿ ಹಿಡಿಸಿತು ಫಿಲ್ಲು.

ನಿನ್ನ
ವಾರಿಜಾ