ಶಿವಲಿಂಗವ್ವನವರ ಸಾಬೂದಾಣಿ

ಮಾರ್ಚ್ ೨೧, ಶುಕ್ರವಾರ. ಪೀರನವಾಡಿ

ಬಾಜೂ ಮನೆಯ ಶಿವಲಿಂಗವ್ವನವರ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಈಸ್ಟರ್ ಬರುವಷ್ಟರಲ್ಲಿ ದೇವರಿಗೆ ತುಸುವಾದರೂ ಹತ್ತಿರವಾಗಬೇಕೆಂದು, ಈ ತಪಸ್ಸುಕಾಲದ ಶುಕ್ರವಾರಗಳಲ್ಲಿ ಸಂಜೆಯವರೆಗೆ ಬರೀ ನೀರು ಎಂದು ನಿಶ್ಚಯಿಸಿದ್ದೆ. ಅವರಿಗೂ ಹೇಳಿದ್ದೆ. ಹೇಳುವಾಗ ಹೆಮ್ಮೆಯೂ ಇತ್ತು.

ಮಧ್ಯಾಹ್ನ ಅವರು ಡಬ್ಬಿಯಲ್ಲಿ ಬಿಸಿ ಸಾಬೂದಾಣಿ ಖಿಚಡಿ ತಂದರು. "ತಗೋರಿ ಅಕ್ಕಾರ, ಉಪಾಸಕ್ಕ ಇದು ನಡೀತೈತಿ."

"ನಮ್ಮ ಉಪಾಸ ನಿಮ್ಮಂಗ ಅಲ್ರೀ. ನಾವು ಹೊಟ್ಟಿ ತುಂಬ ತಿಂದು ಉಪಾಸ ಅನ್ನಂಗಿಲ್ಲ," ಎಂದುಬಿಟ್ಟೆ.

ಅವರು ಮೆಲ್ಲಗೆ ಮುಚ್ಚಳ ಹಾಕಿದರು. "ನೀವೊಬ್ರ ಹಸದಿರ್ತೀರಂತ ನಾನೂ ಮುಂಜಾನಿಂದ ಏನೂ ತಿಂದಿಲ್ರೀ. ಕೂಡಿ ತಿನ್ನೂಣು ಅಂತ ಬಂದಿದ್ದೆ." ಅಷ್ಟೇ ಹೇಳಿ ಹೋದರು.

ಸಂಜೆ ಕ್ಯಾಂಪ್ ಪ್ರದೇಶದ ನಮ್ಮ ಚರ್ಚಿನಲ್ಲಿ ಶಿಲುಬೆಹಾದಿಯ ಪ್ರಾರ್ಥನೆಗೆ ಮೊಣಕಾಲೂರಿದೆ. ಬಾಯಿ ಪ್ರಾರ್ಥಿಸುತ್ತಿತ್ತು, ಕಿವಿಯಲ್ಲಿ ಆ ಮುಚ್ಚಳದ ಸದ್ದು. ಅವರ ಜೊತೆ ಒಂದು ತುತ್ತು ತಿಂದಿದ್ದರೆ ದೇವರು ಮುನಿಸಿಕೊಳ್ಳುತ್ತಿದ್ದನೇ? ತಿನ್ನದೆ ಇದ್ದುದಕ್ಕೆ ಅವನು ಹತ್ತಿರ ಬಂದಂತೆಯೂ ಅನಿಸಲಿಲ್ಲ.

ನೇಮ ಮಾತ್ರ ಕೆಡಲಿಲ್ಲ. ಮನೆಗೆ ಬಂದು ಅನ್ನ, ಸಾರು ಹೊಟ್ಟೆ ತುಂಬ ಉಂಡೆ.

ಗೋಡೆಯಾಚೆ ಅವರು ಉಂಡರೋ ಇಲ್ಲವೋ, ಹೋಗಿ ಕೇಳಲಿಲ್ಲ.